ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರು: ಬ್ಯಾಟರಿ ವಾರಂಟಿ ನಿಜಕ್ಕೂ ಎಷ್ಟು ಉಳಿದಿದೆ, ಮುಗಿದ ಮೇಲೆ ದಾರಿ ಯಾವುದು?

ಪ್ರಶ್ನೆ: ನಾನು ಚಿತ್ರದುರ್ಗದವನು. ಕೆಲಸ ದಾವಣಗೆರೆಯಲ್ಲಿ, ವಾರಕ್ಕೆ ಆರು ದಿನ ಹೋಗಿ ಬರುತ್ತೇನೆ. ಪರಿಚಯದವರೊಬ್ಬರು 2022ರ ಡಿಸೆಂಬರ್‌ನಲ್ಲಿ ರಿಜಿಸ್ಟರ್ ಆದ ಟೊಯೊಟಾ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ-ಮೋಟರ್‌ನಿಂದಲೂ ಓಡುವ ಕಾರು) ಮಾರುತ್ತಿದ್ದಾರೆ. 1,18,000 ಕಿ.ಮೀ. ಓಡಿದೆ. "ಬ್ಯಾಟರಿಗೆ 8 ವರ್ಷ ವಾರಂಟಿ ಇದೆ, 2030ರ ತನಕ ತಲೆಬಿಸಿ ಇಲ್ಲ" ಅನ್ನುತ್ತಾರೆ. ನಮ್ಮ ಭಾವ ಮಾತ್ರ "ಆ ಬ್ಯಾಟರಿ ಹೋದರೆ ಕಾರಿನ ಅರ್ಧ ರೇಟು ಇಡಬೇಕು, ಬೇಡವೇ ಬೇಡ" ಅಂತ ಹೆದರಿಸುತ್ತಿದ್ದಾರೆ. ನಮ್ಮ ಮೆಕ್ಯಾನಿಕ್ "ಹೋದರೆ ಸೆಲ್ ಹಾಕಿ ರೆಡಿ ಮಾಡೋಣ ಬಿಡಿ ಸರ್" ಅಂದರು. ಯಾರ ಮಾತು ನಂಬಲಿ?

ಉತ್ತರ: ಮಾರುವವರು ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ಟೊಯೊಟಾ ನಮ್ಮ ದೇಶದಲ್ಲಿ ಹೈಬ್ರಿಡ್ ಬ್ಯಾಟರಿಗೆ ಕೊಟ್ಟಿರುವ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಮಾರುತಿ ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್‌ಗೂ ಹೋಂಡಾ ಸಿಟಿ ಹೈಬ್ರಿಡ್‌ಗೂ ಇದೇ ಅಂಕಿ. ನೀವು ನೋಡಿರುವ ಗಾಡಿ 1,18,000 ಓಡಿದೆ ಅಂದರೆ ಉಳಿದಿರುವುದು 42,000 ಕಿ.ಮೀ. ದುರ್ಗದಿಂದ ದಾವಣಗೆರೆಗೆ ಹೆಚ್ಚುಕಮ್ಮಿ 60 ಕಿ.ಮೀ., ಹೋಗಿ ಬಂದರೆ 120. ತಿಂಗಳಿಗೆ 25 ದಿನ ಅಂತ ಹಿಡಿದರೆ 3,000 ಕಿ.ಮೀ. ಮದುವೆ, ಜಾತ್ರೆ, ಬೆಂಗಳೂರಿನ ಓಡಾಟ ಇದರಲ್ಲಿ ಸೇರಿಲ್ಲ. 42,000ವನ್ನು 3,000ದಿಂದ ಭಾಗಿಸಿದರೆ ಬರೋದು 14 ತಿಂಗಳು. 2030ರ ಮಾತು ಅನ್ವಯಿಸುವುದು ವಾರಕ್ಕೊಮ್ಮೆ ದೇವಸ್ಥಾನಕ್ಕೆ ಕಾರು ಹೊರಗೆ ತೆಗೆಯುವವರಿಗೆ. ನಿಮ್ಮ ಓಡಾಟಕ್ಕೆ ಇಸವಿ ನೋಡಿ ಪ್ರಯೋಜನವಿಲ್ಲ, ಮೀಟರ್ ನೋಡಬೇಕು.

ಹಾಗಾಗಿ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಬ್ಯಾಟರಿ ವಾರಂಟಿ ಇಲ್ಲದ ಗಾಡಿ ಅಂತಲೇ ಲೆಕ್ಕಕ್ಕೆ ತಗೊಂಡು ರೇಟು ಮಾತಾಡಿ. ಹಾಗೆ ರೇಟು ಕುದುರಿದರೆ, ಮುಂದೆ ಹೇಳುವ ಪರೀಕ್ಷೆಯಲ್ಲಿ ಬ್ಯಾಟರಿ ಪಾಸಾದರೆ, ಧಾರಾಳವಾಗಿ ತಗೊಳ್ಳಿ. ಮಾರುವವರು 2030ರ ಹೆಸರಲ್ಲಿ ರೇಟು ಏರಿಸಿದ್ದರೆ, ಮೇಲಿನ ಭಾಗಾಕಾರವನ್ನು ಅವರ ಮುಂದೆಯೇ ಒಂದು ಚೀಟಿ ಮೇಲೆ ಮಾಡಿ ತೋರಿಸಿ.

ವಾರಂಟಿ ಗಾಡಿಯ ಜೊತೆಗೇ ಹೋಗುತ್ತದೆ. ಮಾಲೀಕರು ಬದಲಾದರು ಅಂತ ಅದು ರದ್ದಾಗುವುದಿಲ್ಲ, ಹೊಸ ಮಾಲೀಕರು ಬಂದರು ಅಂತ ಹೊಸದಾಗಿ ಶುರುವೂ ಆಗುವುದಿಲ್ಲ. ಮೊದಲ ಮಾಲೀಕರಿಗೆ ಗಾಡಿ ಕೊಟ್ಟ ದಿನದಿಂದಲೇ ಎಣಿಕೆ. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿರಲ್ಲ: 1,50,000 ಕಿ.ಮೀ.ಗೆ ಬ್ಯಾಟರಿ ಕೆಟ್ಟು ಕಂಪನಿಯವರು ವಾರಂಟಿಯಲ್ಲಿ ಹೊಸದು ಹಾಕಿಕೊಟ್ಟರು ಅಂತಿಟ್ಟುಕೊಳ್ಳಿ, ಆ ಹೊಸ ಬ್ಯಾಟರಿಗೆ ಮತ್ತೆ 8 ವರ್ಷ ಸಿಗುವುದಿಲ್ಲ. ಹಳೆಯದರ ವಾರಂಟಿಯಲ್ಲಿ ಉಳಿದ 10,000 ಕಿ.ಮೀ. ಮಾತ್ರ ಅದಕ್ಕೆ.

ಯೂಟ್ಯೂಬ್‌ನಲ್ಲಿ ಅಮೆರಿಕದ ವಿಡಿಯೋ ನೋಡಿ "10 ವರ್ಷ ಅಂತೆ ಸರ್" ಎಂದು ಕೇಳುವವರೂ ಇದ್ದಾರೆ. 2020ರ ಮಾಡೆಲ್‌ನಿಂದ ಟೊಯೊಟಾ ಅಲ್ಲಿ 10 ವರ್ಷ ಅಥವಾ 1,50,000 ಮೈಲಿ, ಅಂದರೆ ಸುಮಾರು 2,40,000 ಕಿ.ಮೀ. ವಾರಂಟಿ ಕೊಡುತ್ತಿರುವುದು ನಿಜ. ಅದು ಅಲ್ಲಿನ ಗಾಡಿಗಳಿಗೆ. ನಿಮಗೆ ಅನ್ವಯಿಸುವುದು ನಿಮ್ಮ ಗಾಡಿಯ ಡ್ಯಾಶ್‌ಬೋರ್ಡ್ ಡ್ರಾಯರ್‌ನಲ್ಲಿರುವ ವಾರಂಟಿ ಪುಸ್ತಕ. ಹಾಗೆಯೇ, ಕಾರಿನ ಹಿಂದೆ 'ಸ್ಮಾರ್ಟ್ ಹೈಬ್ರಿಡ್' ಅಂತ ಬರೆದಿರುವ ಎರ್ಟಿಗಾ, ಸಿಯಾಜ್‌ಗಳ ಜೊತೆ ಇದನ್ನು ಕಲಸಬೇಡಿ. ಅವು ಮೈಲ್ಡ್ ಹೈಬ್ರಿಡ್. ಸಣ್ಣ ಬ್ಯಾಟರಿ ಎಂಜಿನ್‌ಗೆ ಸ್ವಲ್ಪ ಕೈಜೋಡಿಸುತ್ತದೆ ಅಷ್ಟೇ, ಚಕ್ರವನ್ನು ತಾನೇ ತಿರುಗಿಸುವುದಿಲ್ಲ. 8 ವರ್ಷ, 1,60,000 ಕಿ.ಮೀ. ಅನ್ನುವ ಮಾತು ಸ್ಟ್ರಾಂಗ್ ಹೈಬ್ರಿಡ್‌ನದು. ಹೈರೈಡರ್‌ನಲ್ಲಿ ಎರಡೂ ಬಗೆ ಬಂದಿರುವುದರಿಂದ, ಮಾರುವವರ ಬಾಯಿಮಾತು ಬಿಟ್ಟು ಆರ್‌ಸಿ ಮತ್ತು ವೇರಿಯಂಟ್ ನೋಡಿಯೇ ಖಾತ್ರಿ ಮಾಡಿಕೊಳ್ಳಿ.

ಈಗ ನಿಮ್ಮನ್ನು ನಿಜವಾಗಿ ಹೆದರಿಸಬೇಕಾದ ವಿಷಯಕ್ಕೆ ಬರುತ್ತೇನೆ. ನಿಮ್ಮ ಭಾವ ಬೆರಳು ತೋರಿಸಿದ್ದು ಬ್ಯಾಟರಿ ಕಡೆಗೆ. ಆದರೆ 8 ವರ್ಷದ ವಾರಂಟಿ ಹೆಸರೇ ಹೇಳುವಂತೆ ಬ್ಯಾಟರಿಗೆ ಮಾತ್ರ. ಬ್ಯಾಟರಿಯ ಕರೆಂಟನ್ನು ಮೋಟರಿಗೆ ತಕ್ಕಂತೆ ಬದಲಿಸುವ ಇನ್ವರ್ಟರ್, ಗೇರ್‌ಬಾಕ್ಸ್ ಜಾಗದಲ್ಲಿ ಕೂತಿರುವ ಎರಡು ಮೋಟರ್-ಜನರೇಟರ್‌ಗಳ ಟ್ರಾನ್ಸಾಕ್ಸಲ್, ಇವೆಲ್ಲ ಗಾಡಿಯ ಮಾಮೂಲಿ ವಾರಂಟಿಯ ಕೆಳಗೆ ಬರುತ್ತವೆ. ಆ ಮಾಮೂಲಿ ವಾರಂಟಿ 3 ವರ್ಷ ಅಥವಾ 1,00,000 ಕಿ.ಮೀ. ನಿಮ್ಮ ಗಾಡಿ 18,000 ಕಿ.ಮೀ. ಹಿಂದೆಯೇ ಆ ಗೆರೆ ದಾಟಿದೆ. ಇಂಥ ಭಾಗಗಳು ಸುಲಭಕ್ಕೆ ಕೆಡುವುದಿಲ್ಲ, ಆದರೆ ಕೆಟ್ಟರೆ ಬಿಲ್ಲು ಸಣ್ಣದಾಗಿರಲ್ಲ. ಮೊದಲ ಮಾಲೀಕರು ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿದ್ದರೆ ಅದು 5 ವರ್ಷ ಅಥವಾ 2,20,000 ಕಿ.ಮೀ. ತನಕ ಹೋಗುವ ಸಾಧ್ಯತೆ ಇದೆ. ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: "ಎಕ್ಸ್‌ಟೆಂಡೆಡ್ ವಾರಂಟಿ ಸರ್ಟಿಫಿಕೇಟ್ ಇದೆಯಾ?" ಇದ್ದರೆ ಬ್ಯಾಟರಿ ವಾರಂಟಿಗಿಂತ ಅದಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಇಲ್ಲದಿದ್ದರೆ, ಮಾಮೂಲಿ ವಾರಂಟಿ ಮುಗಿದ ಗಾಡಿಗೆ ಈಗ ಹೋಗಿ ಮಾಡಿಸುತ್ತೇನೆ ಅಂದರೆ ಸಾಮಾನ್ಯವಾಗಿ ಆಗುವುದಿಲ್ಲ.

ಬ್ಯಾಟರಿಯ ವಿಷಯದಲ್ಲಿ ವಾರಂಟಿ ಹಿಡಿಯುವುದು ದೋಷವನ್ನು, ಸವಕಳಿಯನ್ನಲ್ಲ. ಎಲ್ಲ ಬ್ಯಾಟರಿಯೂ ವರ್ಷ ಕಳೆದಂತೆ ಹಿಡಿಯುವ ಚಾರ್ಜ್ ಕಡಿಮೆಯಾಗುತ್ತಾ ಬರುತ್ತದೆ. "ಮೊದಲು ಲೀಟರಿಗೆ 24 ಕೊಡ್ತಿತ್ತು, ಈಗ 21 ಕೊಡ್ತಿದೆ, ಬ್ಯಾಟರಿ ಬದಲಿಸಿ" ಅಂತ ಹೋದರೆ ಸರ್ವಿಸ್ ಸೆಂಟರ್‌ನವರು ಟೈರ್ ಗಾಳಿ ನೋಡಿ ವಾಪಸ್ ಕಳಿಸುತ್ತಾರೆ. ಅವರ ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಬರಬೇಕು. ಟೊಯೊಟಾಗಳಲ್ಲಿ ಬ್ಯಾಟರಿ ಪ್ಯಾಕ್ ಸೋತಾಗ ಬರುವ ಹೆಸರುವಾಸಿ ಕೋಡ್ ಪಿ0ಎ80. ಅದು ಕಂಡ ಮೇಲೆ ಬ್ಯಾಟರಿಯೊಳಗಿನ ಒಂದೊಂದು ಬ್ಲಾಕ್‌ನ, ಅಂದರೆ ಸೆಲ್‌ಗಳ ಗುಂಪಿನ, ವೋಲ್ಟೇಜ್ ನೋಡಿ ತೀರ್ಮಾನ ಮಾಡುತ್ತಾರೆ.

ಬ್ಯಾಟರಿ ಸೋಲುವುದು ಹೇಗೆ ಅಂತ ತಿಳಿದರೆ ಉಳಿದದ್ದೆಲ್ಲ ಸುಲಭ. ಹೈರೈಡರ್‌ನ ಸ್ಟ್ರಾಂಗ್ ಹೈಬ್ರಿಡ್ ಬ್ಯಾಟರಿ 177.6 ವೋಲ್ಟ್‌ನದು. ಒಂದೊಂದೂ 3.7 ವೋಲ್ಟ್‌ನ 48 ಲಿಥಿಯಂ ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ ಬರುವ ಅಂಕಿ ಅದು. ಸಾಲಿನಲ್ಲಿ ಜೋಡಿಸಿದ ಮೇಲೆ ಎಲ್ಲದರಲ್ಲೂ ಅಷ್ಟೇ ಕರೆಂಟ್ ಹರಿಯಬೇಕು. ನೊಗಕ್ಕೆ ಕಟ್ಟಿದ ಎತ್ತಿನಲ್ಲಿ ಒಂದು ಕುಂಟಿದರೆ ಇನ್ನೊಂದು ಎಷ್ಟು ಗಟ್ಟಿಯಿದ್ದೂ ಗಾಡಿ ಮುಂದೆ ಹೋಗದ ಹಾಗೆ, ಒಂದು ಸೆಲ್ ಬಲಹೀನವಾದರೂ ಇಡೀ ಪ್ಯಾಕ್ ಅದರ ಮಟ್ಟಕ್ಕೇ ಇಳಿಯುತ್ತದೆ. ಹೀಗಾಗದಿರಲಿ ಅಂತಲೇ ಕಂಪನಿಯವರು ಬ್ಯಾಟರಿಯನ್ನು ಪೂರ್ತಿ ತುಂಬಿಸುವುದೂ ಇಲ್ಲ, ಪೂರ್ತಿ ಬರಿದು ಮಾಡುವುದೂ ಇಲ್ಲ. ನಡುವಿನ ಪಾಲನ್ನು ಮಾತ್ರ ಬಳಸುವಂತೆ ಕಂಪ್ಯೂಟರ್ ಕಾವಲು ಕಾಯುತ್ತದೆ. ಮೊಬೈಲ್ ಬ್ಯಾಟರಿ ಮೂರು ವರ್ಷಕ್ಕೆ ಸುಸ್ತಾಗುವಾಗ ಇದು ಹತ್ತು ವರ್ಷದ ಹತ್ತಿರ ಬಾಳುವುದಕ್ಕೆ ದೊಡ್ಡ ಕಾರಣ ಇದೇ.

ಈ ಬ್ಯಾಟರಿ ಎಷ್ಟು ಸಣ್ಣದು ಅನ್ನುವುದನ್ನು ನಿಮ್ಮ ಭಾವನಿಗೆ ಹೇಳಿ. ಇದರ ಶೇಖರಣೆ ಸುಮಾರು 0.76 ಕಿಲೋವ್ಯಾಟ್-ಅವರ್. ಮೊದಲು ಬಂದ ನೆಕ್ಸಾನ್ ಇವಿಯದು 30.2. ಅಂದರೆ ಹೆಚ್ಚುಕಮ್ಮಿ ನಲವತ್ತರಲ್ಲಿ ಒಂದು ಪಾಲು. "ಕಾರಿನ ಅರ್ಧ ರೇಟು" ಅನ್ನುವ ಮಾತು ಹುಟ್ಟಿದ್ದು ಪೂರ್ತಿ ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿಯಿಂದ. ಅದನ್ನು ಹೈಬ್ರಿಡ್‌ಗೆ ಅಂಟಿಸುವುದು ತಪ್ಪು. ಆದರೂ ನಲವತ್ತರಲ್ಲಿ ಒಂದು ಪಾಲು ಬೆಲೆ ಅಂತ ತಿಳಿಯಬೇಡಿ. ಸೆಲ್ ಜೊತೆಗೆ ಕಂಟ್ರೋಲರ್, ರಿಲೇ, ಫ್ಯಾನ್, ಕವಚ ಎಲ್ಲ ಇರುತ್ತದೆ, ಸಾಲದ್ದಕ್ಕೆ ಥಟ್ಟನೆ ಭಾರಿ ಕರೆಂಟ್ ಕೊಡುವ ಈ ಜಾತಿಯ ಸೆಲ್ ದುಬಾರಿ. ಸರಿಯಾದ ರೇಟು ಬೇಕೆಂದರೆ ಡೀಲರ್‌ನ ಪಾರ್ಟ್ಸ್ ಕೌಂಟರ್‌ಗೆ ಹೋಗಿ, ಗಾಡಿಯ ಚಾಸಿಸ್ ನಂಬರ್ ಕೊಟ್ಟು, ಬ್ಯಾಟರಿ ಅಸೆಂಬ್ಲಿ, ಲೇಬರ್, ಜಿಎಸ್‌ಟಿ ಮೂರೂ ಸೇರಿಸಿ ಎಸ್ಟಿಮೇಟ್ ಬರೆಸಿಕೊಳ್ಳಿ. ಹಳೆ ಬ್ಯಾಟರಿ ವಾಪಸ್ ಕೊಟ್ಟರೆ ಎಷ್ಟು ಕಳೆಯುತ್ತೀರಿ ಅಂತಲೂ ಕೇಳಿ. ಗಾಡಿಯ ಚೌಕಾಸಿಗೆ ಕೂರುವ ಮುಂಚೆಯೇ ಈ ಕಾಗದ ನಿಮ್ಮ ಜೇಬಿನಲ್ಲಿರಬೇಕು.

"ಬ್ಯಾಟರಿ ಹೋದರೆ ಹೋಗಲಿ, ಪೆಟ್ರೋಲ್‌ನಲ್ಲೇ ಓಡಿಸ್ತೀನಿ" ಅನ್ನುವ ಯೋಚನೆ ಇದ್ದರೆ ಬಿಟ್ಟುಬಿಡಿ. ಟೊಯೊಟಾ ಹೈಬ್ರಿಡ್‌ನಲ್ಲಿ ಮಾಮೂಲಿ ಸ್ಟಾರ್ಟರ್ ಮೋಟರ್ ಇಲ್ಲ. ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವುದು ಒಳಗಿನ ಒಂದು ಮೋಟರ್-ಜನರೇಟರ್, ಅದಕ್ಕೆ ಶಕ್ತಿ ಬರುವುದು ಇದೇ ದೊಡ್ಡ ಬ್ಯಾಟರಿಯಿಂದ. ಅದು ಪೂರ್ತಿ ಕೈಕೊಟ್ಟರೆ ಟ್ಯಾಂಕ್ ತುಂಬ ಪೆಟ್ರೋಲ್ ಇದ್ದರೂ ಗಾಡಿ ಅಲ್ಲಾಡುವುದಿಲ್ಲ. ತಳ್ಳಿ ಸ್ಟಾರ್ಟ್ ಮಾಡಲಿಕ್ಕೂ ಆಗದು.

ಇಲ್ಲೊಂದು ಗೊಂದಲ ಬಿಡಿಸಬೇಕು. ಈ ಕಾರಿನಲ್ಲಿ ದೊಡ್ಡ ಬ್ಯಾಟರಿಯ ಜೊತೆ ಮಾಮೂಲಿ 12 ವೋಲ್ಟ್ ಬ್ಯಾಟರಿಯೂ ಒಂದಿದೆ. ಕಂಪ್ಯೂಟರ್‌ಗಳನ್ನು ಎಬ್ಬಿಸುವುದು ಅದರ ಕೆಲಸ. ಕಾರನ್ನು ಹದಿನೈದು ಇಪ್ಪತ್ತು ದಿನ ಮುಟ್ಟದೆ ನಿಲ್ಲಿಸಿದರೆ ಅದು ಇಳಿದುಹೋಗಬಹುದು. ಆಗ ಡ್ಯಾಶ್‌ಬೋರ್ಡ್‌ನಲ್ಲಿ ಏನೇನೋ ದೀಪ ಮಿಣುಕುತ್ತವೆ, ಗಾಡಿ ಓಡಲು ಸಿದ್ಧ ಅಂತ ತೋರಿಸುವ 'ರೆಡಿ' ದೀಪ ಬರುವುದೇ ಇಲ್ಲ. ಮನೆಯವರೆಲ್ಲ "ಹೈಬ್ರಿಡ್ ಬ್ಯಾಟರಿ ಹೋಯ್ತು" ಅಂತ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಹೋಗಿರುವುದು ಮಾಮೂಲಿ ಬ್ಯಾಟರಿ. ಇದಕ್ಕೆ 8 ವರ್ಷದ ವಾರಂಟಿಯೂ ಇಲ್ಲ, ಬೇರೆಯೇ ಆದ ಚಿಕ್ಕ ಅವಧಿ ಇರುತ್ತದೆ. ಊರಿಗೆ ಹೋಗುವಾಗ ಕಾರು ಬಿಟ್ಟು ಹೋಗುವುದಿದ್ದರೆ ವಾರಕ್ಕೊಮ್ಮೆ ಯಾರಾದರೂ 'ರೆಡಿ' ಸ್ಥಿತಿಯಲ್ಲಿ ಅರ್ಧ ಗಂಟೆ ಇಡಲಿ, ಸುಮ್ಮನೆ ಇಗ್ನಿಷನ್ ಆನ್ ಮಾಡಿ ಹಾಡು ಕೇಳಿದರೆ ಇನ್ನೂ ಬೇಗ ಇಳಿಯುತ್ತದೆ. ಈ 12 ವೋಲ್ಟ್ ಬ್ಯಾಟರಿಯಿಂದ ವೈರ್ ಎಳೆದು ತೋಟದ ಟ್ರ್ಯಾಕ್ಟರ್‌ಗೆ ಸ್ಟಾರ್ಟ್ ಕೊಡುವ ಸಾಹಸವಂತೂ ಬೇಡ. ಅಷ್ಟು ಕರೆಂಟ್ ಎಳೆಯುವ ತಾಕತ್ತು ಅದಕ್ಕಿಲ್ಲ, ಮಧ್ಯದಲ್ಲಿ ಸುಡುವುದು ದುಬಾರಿ ಎಲೆಕ್ಟ್ರಾನಿಕ್ಸ್.

ನಿಮ್ಮ ಮೆಕ್ಯಾನಿಕ್ ಹೇಳಿದ ಸೆಲ್ ಹಾಕುವ ವಿಷಯ. ಅವರು ಗಾಳಿಯಲ್ಲಿ ಮಾತಾಡಿಲ್ಲ. ಹಳೆಯ ಪ್ರಿಯಸ್‌ನಂಥ ಗಾಡಿಗಳಲ್ಲಿ ಇದ್ದದ್ದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. 7.2 ವೋಲ್ಟ್‌ನ 28 ಮಾಡ್ಯೂಲ್‌ಗಳನ್ನು ಬೋಲ್ಟ್ ಹಾಕಿ ಜೋಡಿಸಿರುತ್ತಿದ್ದರು. ಸೋತ ಮಾಡ್ಯೂಲ್ ಬಿಚ್ಚಿ ಬೇರೆ ಹಾಕುವ ಕೆಲಸ ಲೋಕದೆಲ್ಲೆಡೆ ನಡೆದಿದೆ. ಈಗಿನ ಇನ್ನೋವಾ ಹೈಕ್ರಾಸ್‌ನಲ್ಲೂ ಇರುವುದು ಅದೇ ನಿಕಲ್ ಜಾತಿ. ಆದರೆ ಆ ರಿಪೇರಿಯ ಗತಿ ಏನಾಗುತ್ತದೆ ಗೊತ್ತಾ? ಇಂದು ಒಂದು ಮಾಡ್ಯೂಲ್ ಹಾಕಿದಿರಿ. ಉಳಿದ 27ಕ್ಕೂ ಅಷ್ಟೇ ವಯಸ್ಸಾಗಿರುತ್ತದಲ್ಲ, ಆರು ತಿಂಗಳಿಗೆ ಅದರಲ್ಲಿ ಇನ್ನೊಂದು ಬೀಳುತ್ತದೆ, ಮತ್ತೆ ಬಿಚ್ಚಬೇಕು. ಅದೂ ಹಾಕುವ ಮಾಡ್ಯೂಲ್ ಉಳಿದವುಗಳ ಶಕ್ತಿಗೆ ಸರಿಹೊಂದದಿದ್ದರೆ ಮೊದಲ ದಿನದಿಂದಲೇ ಜಗಳ. ಗಾಡಿ ಮಾರುವ ತನಕ ತಳ್ಳಿಕೊಂಡು ಹೋಗಲಿಕ್ಕೆ ಇದು ಸರಿ, ದಿನಾ 120 ಕಿ.ಮೀ. ಓಡಿಸುವವರಿಗಲ್ಲ.

ನಿಮ್ಮ ಗಾಡಿಯಲ್ಲಿರುವುದು ಲಿಥಿಯಂ, ಹಾಗಾಗಿ ಅಷ್ಟೂ ಸರಿಹೋಗದು. ಲಿಥಿಯಂ ಸೆಲ್‌ಗಳನ್ನು ಒತ್ತಿ ಬಿಗಿಮಾಡಿ ಪ್ಯಾಕ್ ಮಾಡಿರುತ್ತಾರೆ, ಒಂದೊಂದರ ವೋಲ್ಟೇಜನ್ನೂ ತಾಪವನ್ನೂ ಕಂಟ್ರೋಲರ್ ನೋಡುತ್ತಿರುತ್ತದೆ. ಸಿಕ್ಕಿದ ಸೆಲ್ ತುರುಕಿ ಬೆಸುಗೆ ಹಾಕಿದರೆ ಒಂದೋ ಕಂಟ್ರೋಲರ್ ಒಪ್ಪುವುದಿಲ್ಲ, ಇಲ್ಲವೇ ಒಪ್ಪಿ ಆಮೇಲೆ ಬಿಸಿಯಾಗಿ ಬೆಂಕಿಯ ತನಕ ಹೋಗುತ್ತದೆ. ಇನ್ನು 177 ವೋಲ್ಟ್ ಡಿಸಿ ಕರೆಂಟ್ ಮನುಷ್ಯನನ್ನು ಕೊಲ್ಲಬಲ್ಲದು. ಸರ್ವಿಸ್ ಪ್ಲಗ್ (ಬ್ಯಾಟರಿಯ ಸಂಪರ್ಕ ಕಡಿಯುವ ಪ್ಲಗ್) ಕಿತ್ತ ಮೇಲೂ ಕರೆಂಟ್ ಹಿಡಿದಿಟ್ಟಿರುವ ಕೆಪಾಸಿಟರ್‌ಗಳು ಬರಿದಾಗುವ ತನಕ ಕಾಯಬೇಕು, ಹೈವೋಲ್ಟೇಜ್ ಗ್ಲೌಸ್ ಹಾಕಬೇಕು. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ತರಬೇತಿ ಇಲ್ಲದವರು ಕೈ ಹಾಕಕೂಡದು. ನಿಮ್ಮ ಮೆಕ್ಯಾನಿಕ್ ಒಳ್ಳೆಯವರೇ ಇರಬಹುದು, ಬ್ರೇಕ್, ಸಸ್ಪೆನ್ಶನ್ ಕೆಲಸ ಧಾರಾಳವಾಗಿ ಅವರ ಹತ್ತಿರ ಮಾಡಿಸಿ. ಅಂದಹಾಗೆ ವಾರಂಟಿ ಇನ್ನೂ ಇರುವಾಗ ಹೊರಗಿನವರು ಪ್ಯಾಕ್ ಬಿಚ್ಚಿದ ಗುರುತು ಕಂಡರೆ, ಉಳಿದ ವಾರಂಟಿ ಅಲ್ಲಿಗೇ ಖತಂ.

ಉಳಿಯುವುದು ಎರಡು ದಾರಿ. ಕಂಪನಿಯಿಂದಲೇ ಹೊಸ ಪ್ಯಾಕ್ ಹಾಕಿಸುವುದು ಒಂದು. ದುಡ್ಡು ಹೆಚ್ಚು, ತಲೆನೋವು ಕಡಿಮೆ. ನಾವು ದುಡ್ಡು ಕೊಟ್ಟು ಹಾಕಿಸಿದ ಪ್ಯಾಕ್‌ಗೆ ಎಷ್ಟು ದಿನ, ಎಷ್ಟು ಕಿ.ಮೀ. ವಾರಂಟಿ ಅನ್ನುವುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು, ಆ 8 ವರ್ಷ ಅದಕ್ಕೂ ಬರುತ್ತದೆ ಅಂತ ಅಂದುಕೊಳ್ಳಬಾರದು. ಇನ್ನೊಂದು, ಅಪಘಾತವಾದ ಗಾಡಿಯಿಂದ ಬಿಚ್ಚಿದ ಪ್ಯಾಕ್ ತರಿಸುವುದು. ಹೈರೈಡರ್, ಗ್ರ್ಯಾಂಡ್ ವಿಟಾರಾ ಎರಡೂ ಬಿಡದಿಯ ಒಂದೇ ಫ್ಯಾಕ್ಟರಿಯಲ್ಲಿ ತಯಾರಾಗಿ ಸಾಕಷ್ಟು ಮಾರಾಟವಾಗಿರುವುದರಿಂದ ಇಂಥ ಪ್ಯಾಕ್‌ಗಳು ಸಿಗುವುದು ವರ್ಷದಿಂದ ವರ್ಷಕ್ಕೆ ಸುಲಭವಾಗುತ್ತದೆ. ಆದರೆ ಲಿಥಿಯಂ ಬ್ಯಾಟರಿ ಓಡದೆ ಸುಮ್ಮನೆ ಬಿದ್ದಿದ್ದರೂ ಮುಪ್ಪಾಗುತ್ತದೆ. ತಗಡಿನ ಶೆಡ್‌ನಲ್ಲಿ ಎರಡು ಬೇಸಿಗೆ ಕಳೆದ ಪ್ಯಾಕ್ "ಬರೀ 30,000 ಓಡಿದ್ದು ಸರ್" ಅಂತ ಕೊಟ್ಟರೆ ಅದಕ್ಕೆ ನಾನಾದರೆ ಅರ್ಧ ದುಡ್ಡೂ ಕೊಡುವುದಿಲ್ಲ. ಪ್ಯಾಕ್ ತಯಾರಾದ ತಿಂಗಳು, ಬಂದ ಗಾಡಿಯ ಚಾಸಿಸ್ ನಂಬರ್, ಸ್ಕ್ಯಾನರ್‌ನ ಬ್ಲಾಕ್ ವೋಲ್ಟೇಜ್ ವರದಿ ಮೂರೂ ಇಲ್ಲದೆ ಮಾತುಕತೆಯೇ ಬೇಡ.

ಯಾವ ದಾರಿ ಹಿಡಿದರೂ ಹಳೆ ಪ್ಯಾಕನ್ನು ಗುಜರಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಡೀಲರ್ "ನೀವೇ ಇಟ್ಕೊಳ್ಳಿ" ಅಂದರೆ ಈ ನಿಯಮ ನೆನಪಿಸಿ.

ಸರಿ, ಗಾಡಿ ನೋಡಲು ಹೋದಾಗ ಏನು ಮಾಡಬೇಕು? ಮೊದಲು ಡೀಲರ್ ಸರ್ವಿಸ್ ಸೆಂಟರ್‌ನಲ್ಲಿ ಹೈಬ್ರಿಡ್ ಸಿಸ್ಟಂ ತಪಾಸಣೆ ಮಾಡಿಸಿ, ವರದಿ ಕಾಗದದ ಮೇಲೆ ತಗೊಳ್ಳಿ. ಅದಕ್ಕೆ ಕೊಡುವ ಫೀಸಿಗೆ ಹಿಂದೆಮುಂದೆ ನೋಡಬೇಡಿ. ಅಲ್ಲೇ ಚಾಸಿಸ್ ನಂಬರ್ ಹಾಕಿಸಿ ಪೂರ್ತಿ ಸರ್ವಿಸ್ ಚರಿತ್ರೆ ತೆಗೆಸಿ. ಎರಡು ಕಾರಣ. ಸರ್ವಿಸ್ ತಪ್ಪಿಸಿದ್ದರೆ ವಾರಂಟಿ ಕೇಳುವಾಗ ಅದೇ ಅಡ್ಡ ಬರುತ್ತದೆ. ಜೊತೆಗೆ, ಮೀಟರ್ ತಿರುಗಿಸಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಕಿ.ಮೀ. ಮೇಲೆ ನಿಂತಿರುವ ವಾರಂಟಿಯಲ್ಲಿ ಮೀಟರ್ ತಿದ್ದಿದ ಗಾಡಿ ಕೊಂಡರೆ ನಷ್ಟ ದುಪ್ಪಟ್ಟು.

ಸ್ಕ್ಯಾನರ್ ಹಾಕಿದಾಗ ಕೋಡ್ ಇಲ್ಲ ಅಂದ ತಕ್ಷಣ ಖುಷಿಪಡಬೇಡಿ. ಕೋಡ್ ಅಳಿಸುವುದು ಒಂದು ನಿಮಿಷದ ಕೆಲಸ. ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಕಿ.ಮೀ. ಓಡಿದೆ ಅನ್ನುವುದೂ ಕಂಪ್ಯೂಟರ್‌ನಲ್ಲಿ ದಾಖಲಾಗಿರುತ್ತದೆ, ಅದನ್ನು ತೋರಿಸಿ ಅಂತ ಕೇಳಿ. 1,18,000 ಓಡಿದ ಗಾಡಿಯಲ್ಲಿ ಅಲ್ಲಿ 12 ಕಿ.ಮೀ. ಅಂತ ಕಂಡರೆ, ನಿನ್ನೆ ಮೊನ್ನೆ ಯಾರೋ ಏನನ್ನೋ ಅಳಿಸಿದ್ದಾರೆ ಅಂತ ಅರ್ಥ. ಯಾಕೆ ಅಂತ ಮಾರುವವರು ಹೇಳಲಿ.

ಓಡಿಸಿ ನೋಡುವಾಗ ಎ.ಸಿ. ಹಾಕಿ, ಊರೊಳಗೆ ಇಪ್ಪತ್ತು ನಿಮಿಷ, ಹೈವೇಯಲ್ಲಿ ಇಪ್ಪತ್ತು ನಿಮಿಷ ಓಡಿಸಿ. ಪರದೆಯ ಮೇಲಿನ ಚಾರ್ಜ್ ಗೆರೆಗಳನ್ನು ಗಮನಿಸಿ. ಸಮತಟ್ಟು ರಸ್ತೆಯಲ್ಲಿ ಅವು ನಿಧಾನವಾಗಿ ಏರಿ ನಿಧಾನವಾಗಿ ಇಳಿಯಬೇಕು. ಕ್ಷಣದಲ್ಲಿ ತುಂಬಿ ಕ್ಷಣದಲ್ಲಿ ಬರಿದಾಗುತ್ತಿದ್ದರೆ, ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಪದೇ ಪದೇ ಹೊತ್ತಿಕೊಳ್ಳುತ್ತಿದ್ದರೆ, ಹಿಂದಿನ ಸೀಟಿನ ಕಡೆಯಿಂದ ಫ್ಯಾನ್ ಜೋರಾಗಿ ಬೀಸುವ ಸದ್ದು ಬರುತ್ತಲೇ ಇದ್ದರೆ, ಪ್ಯಾಕ್ ದಣಿದಿದೆ. ಜೋಗಿಮಟ್ಟಿ ಹತ್ತಿ ಇಳಿಯುವಾಗ ಮಾತ್ರ ಈ ಲೆಕ್ಕ ಹಿಡಿಯಬೇಡಿ, ಬ್ಯಾಟರಿ ಸಣ್ಣದಾದ್ದರಿಂದ ಉದ್ದ ಇಳಿಜಾರಿನಲ್ಲಿ ಬೇಗ ತುಂಬಿಕೊಳ್ಳುವುದು ಸಹಜ. ಗಾಡಿ ಎಲ್ಲಿ ಓಡಿದೆ ಅಂತಲೂ ವಿಚಾರಿಸಿ. ಹುಬ್ಬಳ್ಳಿ-ಬೆಂಗಳೂರು ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿದ ಲಕ್ಷ ಕಿ.ಮೀ.ನಲ್ಲಿ ಬ್ಯಾಟರಿಗೆ ಅಷ್ಟು ದುಡಿಮೆ ಇರುವುದಿಲ್ಲ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಓಡಿದ ಲಕ್ಷ ಬೇರೆ.

ನಮ್ಮ ಕಡೆಯ ಗಾಡಿಗಳಲ್ಲಿ ನಾನು ತಪ್ಪದೆ ನೋಡುವ ಜಾಗ ಬ್ಯಾಟರಿಗೆ ಗಾಳಿ ಹೋಗುವ ಜಾಲರಿ. ಈ ಬ್ಯಾಟರಿಗಳು ತಣ್ಣಗಾಗುವುದು ಕಾರಿನೊಳಗಿನ ಗಾಳಿಯಿಂದಲೇ. ಒಂದು ಫ್ಯಾನ್ ಕ್ಯಾಬಿನ್ ಗಾಳಿಯನ್ನು ಎಳೆದು ಪ್ಯಾಕ್ ಮೇಲೆ ಹಾಯಿಸುತ್ತದೆ. ಜಾಲರಿ ಸಾಮಾನ್ಯವಾಗಿ ಹಿಂದಿನ ಸೀಟಿನ ಪಕ್ಕದಲ್ಲೋ ಕೆಳಗೋ ಇರುತ್ತದೆ, ಮಾಡೆಲ್ ಮೇಲೆ ಜಾಗ ಬೇರೆ, ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಚಿತ್ರವಿರುತ್ತದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಹಾರುವ ಹೊಟ್ಟು, ಕ್ರಷರ್ ಹತ್ತಿರದ ಬಿಳಿ ಧೂಳು, ಕಪ್ಪು ಮಣ್ಣಿನ ನುಣುಪು ಪುಡಿ, ಎಲ್ಲ ಅಲ್ಲೇ ಬಂದು ಕೂರುತ್ತದೆ. ಆಮೇಲೆ ಅದರ ಮೇಲೇ ಅಕ್ಕಿ ಚೀಲವನ್ನೋ ಬೆಡ್‌ಶೀಟ್ ಗಂಟನ್ನೋ ಇಟ್ಟು ಮುಚ್ಚುತ್ತಾರೆ. ಸೆಲ್‌ನ ತಾಪ ಹತ್ತು ಡಿಗ್ರಿ ಏರಿದರೆ ಮುಪ್ಪಿನ ವೇಗ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ ಅನ್ನುವುದು ಬ್ಯಾಟರಿ ಬಲ್ಲವರ ಅಂದಾಜು. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಕೈ ಇಡಲಾಗುವುದಿಲ್ಲ, ಆ ಗಾಳಿಯೇ ಬ್ಯಾಟರಿಗೆ ಸಿಗುವುದು. ಫಿಲ್ಟರ್ ಸ್ವಚ್ಛ ಮಾಡಿಸುವುದಕ್ಕೆ ಪ್ರತಿ ಸರ್ವಿಸ್‌ನಲ್ಲೂ ಬಾಯಿಬಿಟ್ಟು ಹೇಳಿ, ಜಾಬ್ ಕಾರ್ಡ್‌ನಲ್ಲಿ ಬರೆಸಿ. ಕಾರು ಹತ್ತಿದ ತಕ್ಷಣ ಎರಡು ನಿಮಿಷ ಕಿಟಕಿ ಇಳಿಸಿ, ಆಮೇಲೆ ಎ.ಸಿ. ಹಾಕಿ. ಪೆಟ್ರೋಲ್ ಉಳಿಸಲು ಎ.ಸಿ. ಆಫ್ ಮಾಡಿ ಬೆವರುತ್ತಾ ಓಡಿಸುವವರು ನೂರಿನ್ನೂರು ರೂಪಾಯಿ ಉಳಿಸಿ ಬ್ಯಾಟರಿಯ ಆಯಸ್ಸು ಕಳೆಯುತ್ತಾರೆ.

ಹೊರಗಿನಿಂದ ಹಾಕಿಸಿದ ಸಾಮಾನು ಏನೇನಿದೆ ನೋಡಿ. ದೊಡ್ಡ ಹಾರ್ನ್, ಹೆಚ್ಚುವರಿ ಲೈಟ್, ಆಂಪ್ಲಿಫೈಯರ್‌ಗೆ ಒಳಗಿನ ವೈರ್ ಕತ್ತರಿಸಿ ಟೇಪ್ ಸುತ್ತಿದ್ದರೆ ಸರ್ವಿಸ್ ಸೆಂಟರ್‌ನವರಿಗೆ ವಾರಂಟಿ ನಿರಾಕರಿಸಲು ಅಷ್ಟೇ ಸಾಕು. ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಆ ಗಾಡಿಯ ಕಡೆ ತಿರುಗಿಯೂ ನೋಡಬೇಡಿ.

ಅಪಘಾತ, ನೀರು ನುಗ್ಗಿದ್ದು ಇವಕ್ಕೆ ವಾರಂಟಿ ಇಲ್ಲ, ಇನ್ಶೂರೆನ್ಸ್ ನೋಡಬೇಕು. ಅಲ್ಲೊಂದು ಗುಂಡಿ ಇದೆ. ಮಾಮೂಲಿ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಬ್ಯಾಟರಿಗೆ 50 ಪರ್ಸೆಂಟ್ ಸವಕಳಿ ಕಳೆಯುತ್ತಾರೆ, ರಬ್ಬರ್, ಪ್ಲಾಸ್ಟಿಕ್, ಟೈರ್, ಏರ್‌ಬ್ಯಾಗ್‌ಗಳ ಸಾಲಿನಲ್ಲೇ ಬ್ಯಾಟರಿಯೂ ಇದೆ. ಹಿಂದಿನಿಂದ ಲಾರಿ ಗುದ್ದಿ, ಸಾಮಾನು ಇಡುವ ಡಿಕ್ಕಿಯ ಕೆಳಗಿನ ಪ್ಯಾಕ್ ಜಖಂ ಆದರೆ ಅರ್ಧ ನಿಮ್ಮ ಕೈಯಿಂದ. ಝೀರೋ ಡೆಪ್ರಿಸಿಯೇಶನ್ ಕವರ್ ಇದ್ದರೆ ಈ ಕಡಿತ ತಪ್ಪುತ್ತದೆ, ಆದರೆ ಗಾಡಿ ಹಳೆಯದಾದಷ್ಟೂ ಅದು ಸಿಗುವುದು ಕಷ್ಟ. ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸುವಾಗಲೇ ಕೇಳಿ, ಹೈಬ್ರಿಡ್ ಬ್ಯಾಟರಿ ಅದರೊಳಗೆ ಬರುತ್ತದೆ ಅನ್ನುವುದನ್ನು ಮೇಲ್‌ನಲ್ಲಿ ಖಚಿತಪಡಿಸಿಕೊಳ್ಳಿ. ಮಳೆಗಾಲದಲ್ಲಿ ರೈಲ್ವೆ ಅಂಡರ್‌ಪಾಸ್‌ನಲ್ಲಿ ನೀರು ನಿಂತಿದ್ದರೆ ಸುತ್ತಿ ಹೋಗಿ.

ಗಾಡಿ ತಗೊಂಡಿರಿ ಅಂತಿಟ್ಟುಕೊಳ್ಳೋಣ. ಮೊದಲ ಕೆಲಸ, ಆರ್‌ಸಿ ನಿಮ್ಮ ಹೆಸರಿಗೆ ಆದ ಮೇಲೆ ಡೀಲರ್ ದಾಖಲೆಯಲ್ಲೂ ಹೆಸರು ಬದಲಿಸಿ. ಆಮೇಲೆ ಮೀಟರ್ 1,55,000 ಮುಟ್ಟಿದಾಗ, ತೊಂದರೆ ಇರಲಿ ಇಲ್ಲದಿರಲಿ, ಇನ್ನೊಂದು ಸಲ ಬ್ಯಾಟರಿ ತಪಾಸಣೆ ಮಾಡಿಸಿ. ಏನಾದರೂ ಅನುಮಾನವಿದ್ದರೆ 1,60,000 ದಾಟುವ ಮೊದಲೇ ಜಾಬ್ ಕಾರ್ಡ್‌ನಲ್ಲಿ ದೂರು ದಾಖಲಾಗಬೇಕು. "ಜನರಲ್ ಚೆಕಪ್" ಅಂತ ಬರೆಯಲು ಬಿಡಬೇಡಿ. "ಹೈಬ್ರಿಡ್ ಸಿಸ್ಟಂ ವಾರ್ನಿಂಗ್ ಬಂದಿದೆ, ಚಾರ್ಜ್ ಬೇಗ ಇಳಿಯುತ್ತಿದೆ" ಅಂತ ನಿಮ್ಮ ಮಾತಲ್ಲೇ ಬರೆಸಿ, ದಿನಾಂಕ, ಕಿ.ಮೀ., ಕೋಡ್ ಮೂರೂ ಇರುವ ಪ್ರತಿ ಇಸ್ಕೊಳ್ಳಿ. ದೋಷ ಕಂಡದ್ದು 1,58,000ದಲ್ಲಿ, ಅವರು ಇವತ್ತು ನಾಳೆ ಅಂತ ಅಲೆಸಿ ಮೀಟರ್ 1,61,000 ಮಾಡಿದರೆ, ಆ ಒಂದು ಹಾಳೆಯೇ ನಿಮ್ಮ ಆಧಾರ.

ಅಷ್ಟರ ಮೇಲೂ ನ್ಯಾಯವಾದ ಕ್ಲೈಮ್ ತಳ್ಳಿಹಾಕಿದರೆ ಮೊದಲು ಕಂಪನಿಯ ಕಸ್ಟಮರ್ ಕೇರ್‌ಗೆ ಮೇಲ್ ಮಾಡಿ, ಲಿಖಿತ ಉತ್ತರ ಕೇಳಿ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರು ಕೊಡುವವರು ವಾಸವಿರುವ ಅಥವಾ ಕೆಲಸ ಮಾಡುವ ಊರಿನಲ್ಲೇ ದಾವೆ ಹಾಕಬಹುದು, ಅಂದರೆ ಚಿತ್ರದುರ್ಗದಲ್ಲೂ ಆಗುತ್ತದೆ, ದಾವಣಗೆರೆಯಲ್ಲೂ ಆಗುತ್ತದೆ. ಬೆಂಗಳೂರಿಗೆ ಅಲೆಯಬೇಕಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು.

ಇನ್ನು ರೇಟು. ನಿಮ್ಮ ಮಾರುಕಟ್ಟೆಯಲ್ಲಿ ಇದೇ ವರ್ಷದ, ಇಷ್ಟೇ ಓಡಿದ, ಸ್ಟ್ರಾಂಗ್ ಹೈಬ್ರಿಡ್ ಅಲ್ಲದ ಹೈರೈಡರ್ ಎಷ್ಟಕ್ಕೆ ಹೋಗುತ್ತಿದೆ ವಿಚಾರಿಸಿ. ಅದರ ಮೇಲೆ ಎಷ್ಟು ಹೆಚ್ಚು ಕೇಳುತ್ತಿದ್ದಾರೆ ಬರೆದುಕೊಳ್ಳಿ. ಪಕ್ಕದಲ್ಲಿ ಪಾರ್ಟ್ಸ್ ಕೌಂಟರ್‌ನ ಬ್ಯಾಟರಿ ಎಸ್ಟಿಮೇಟ್ ಇಡಿ. ತಿಂಗಳಿಗೆ 3,000 ಕಿ.ಮೀ. ಓಡಿಸುವವರಿಗೆ ಲೀಟರಿಗೆ ಆರೇಳು ಕಿ.ಮೀ. ಹೆಚ್ಚು ಸಿಕ್ಕರೂ ವರ್ಷಕ್ಕೆ ಉಳಿಯುವ ಪೆಟ್ರೋಲ್ ಕಡಿಮೆಯಲ್ಲ, ಅದನ್ನೂ ಲೆಕ್ಕ ಹಾಕಿ. ಎರಡು ವರ್ಷದ ಪೆಟ್ರೋಲ್ ಉಳಿತಾಯ ಆ ಹೆಚ್ಚುವರಿ ರೇಟನ್ನು ತೀರಿಸುವಂತಿದ್ದು, ತಪಾಸಣೆ ವರದಿ ಶುದ್ಧವಿದ್ದರೆ ನಾನು ತಗೊಳ್ಳಿ ಅನ್ನುತ್ತೇನೆ. ವರದಿ ಮಾಡಿಸಲು ಮಾರುವವರು ಒಪ್ಪದಿದ್ದರೆ ಮುಂಗಡ ಕೊಡಬೇಡಿ.